ಉಕ್ಕಿನೊಳಗೆ ನುಸುಳುವ ಜಲಜನಕ: ಸ್ಟೇನ್‌ಲೆಸ್ ಸ್ಟೀಲ್ ಎಷ್ಟು ಸುರಕ್ಷಿತ?

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಓಕ್ಲೆಂಡ್ ನಗರಗಳನ್ನು ಜೋಡಿಸುವ ಕೊಲ್ಲಿ ಸೇತುವೆಯ ಹೊಸ ಪೂರ್ವಭಾಗ ಇನ್ನು ಕೆಲವೇ ತಿಂಗಳಲ್ಲಿ ಸಂಚಾರಕ್ಕೆ ತೆರೆದುಕೊಳ್ಳಬೇಕಿತ್ತು. 2013ರ ಮಾರ್ಚ್‌ನಲ್ಲಿ ಅದರ ಆಧಾರಸ್ತಂಭವೊಂದರಲ್ಲಿ ಹುದುಗಿಸಿದ್ದ 96 ಉಕ್ಕಿನ ಸರಳುಗಳನ್ನು ಬಿಗಿಗೊಳಿಸಲಾಯಿತು. ಪ್ರತಿಯೊಂದು ಸರಳೂ ಮೂರು ಅಂಗುಲ ದಪ್ಪ. ಮುರಿಯಲು ಬೇಕಾಗುವ ಬಲದ ಸುಮಾರು ಶೇ 70ರಷ್ಟನ್ನು ಮಾತ್ರ ಅವುಗಳ ಮೇಲೆ ಹೇರಲಾಗಿತ್ತು. ಆದರೂ ಎರಡು ವಾರಗಳೊಳಗೆ 32 ಸರಳುಗಳು ಒಂದೊಂದಾಗಿ ತುಂಡಾದವು. ಸೇತುವೆಯ ಮೇಲೆ ಒಂದು ವಾಹನವೂ ಓಡಿರಲಿಲ್ಲ, ಭೂಮಿಯೂ ಕಂಪಿಸಿರಲಿಲ್ಲ.

ತನಿಖೆಯಲ್ಲಿ ಸಿಕ್ಕಿಬಿದ್ದ ಅಪರಾಧಿ ಜಲಜನಕ. ಆ ಸರಳುಗಳು 2008ರಿಂದಲೂ ಮಳೆನೀರು ನಿಂತ ರಂಧ್ರಗಳಲ್ಲಿ ಕುಳಿತಿದ್ದವು. ಗಡಸು ಉಕ್ಕು, ಅದರ ಮೇಲೆ ಸತುವಿನ ಲೇಪ, ಸುತ್ತ ನೀರು, ಕೊನೆಗೆ ಬಲವಾದ ಎಳೆತ. ಇವಿಷ್ಟೂ ಒಂದೆಡೆ ಸೇರಿದಾಗ ನಡೆಯುವುದನ್ನು ಲೋಹಶಾಸ್ತ್ರಜ್ಞರು ಜಲಜನಕ ಭಿದುರತೆ ಎಂದು ಕರೆಯುತ್ತಾರೆ. ಹಾಳಾದ ಸರಳುಗಳನ್ನು ಹೊರತೆಗೆಯುವಂತಿರಲಿಲ್ಲ. ಅವುಗಳ ಕೆಲಸವನ್ನು ಹೊರಲು ಉಕ್ಕಿನ ಬೃಹತ್ ತಡಿಯೊಂದನ್ನು ಕಟ್ಟಬೇಕಾಯಿತು. ಅದಕ್ಕೆ ತಗುಲಿದ ವೆಚ್ಚ ಸುಮಾರು ಎರಡೂವರೆ ಕೋಟಿ ಡಾಲರ್.

ಅವು ಸ್ಟೇನ್‌ಲೆಸ್ ಸ್ಟೀಲ್ ಸರಳುಗಳಾಗಿರಲಿಲ್ಲ, ನಿಜ. ಹಾಗೆಂದು ತುಕ್ಕು ಹಿಡಿಯದ ಉಕ್ಕಿಗೆ ಈ ಕಾಯಿಲೆ ತಗಲುವುದಿಲ್ಲ ಎಂದು ಭಾವಿಸಿದರೆ ಅದು ಭ್ರಮೆ. ‘ಸ್ಟೇನ್‌ಲೆಸ್’ ಎಂಬ ಒಂದೇ ಹೆಸರಿನಡಿ ಸ್ವಭಾವದಲ್ಲಿ ಅಜಗಜಾಂತರವಿರುವ ಹತ್ತಾರು ಲೋಹಗಳಿವೆ. ಕೆಲವು ಜಲಜನಕಕ್ಕೆ ಬಹುಮಟ್ಟಿಗೆ ಜಗ್ಗುವುದಿಲ್ಲ, ಕೆಲವು ಗಾಜಿನಂತೆ ಸಿಡಿಯುತ್ತವೆ, ಇನ್ನು ಕೆಲವು ಮೊದಲು ಗಟ್ಟಿಯಾಗಿದ್ದು ಬಗ್ಗಿಸಿದ ಮೇಲೆ ದುರ್ಬಲವಾಗುತ್ತವೆ. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಗಳ ರಾಷ್ಟ್ರೀಯ ಹಸಿರು ಜಲಜನಕ ಮಿಷನ್‌ಗೆ ಒಪ್ಪಿಗೆ ನೀಡಿದೆ. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಜಲಜನಕ ಉತ್ಪಾದಿಸುವ ಗುರಿ ಅದರದು. ಆ ಅನಿಲವನ್ನು ಹಿಡಿದಿಡುವ ಕೊಳವೆ, ಕವಾಟ, ಟ್ಯಾಂಕುಗಳನ್ನು ಯಾವ ಉಕ್ಕಿನಿಂದ ಮಾಡಬೇಕೆಂಬುದು ಇನ್ನು ಕೇವಲ ಪ್ರಯೋಗಾಲಯದ ಪ್ರಶ್ನೆಯಾಗಿ ಉಳಿದಿಲ್ಲ.

ಆಮ್ಲದಲ್ಲಿ ಅದ್ದಿದ ತಂತಿ

ಈ ವಿದ್ಯಮಾನ ಹೊಸದೇನಲ್ಲ. 1875ರಲ್ಲಿ ಇಂಗ್ಲೆಂಡಿನ ವಿಲಿಯಂ ಜಾನ್ಸನ್ ಎಂಬುವರು ರಾಯಲ್ ಸೊಸೈಟಿಗೆ ಪ್ರಬಂಧವೊಂದನ್ನು ಸಲ್ಲಿಸಿದ್ದರು. ಕಬ್ಬಿಣದ ತಂತಿಯನ್ನು ಆಮ್ಲದಲ್ಲಿ ಕೆಲವು ನಿಮಿಷ ಅದ್ದಿ ತೆಗೆದರೆ ಅದು ಬಾಗುವ ಗುಣವನ್ನು ಕಳೆದುಕೊಂಡು ಪಟ್ಟನೆ ಮುರಿಯುತ್ತದೆ ಎಂಬುದನ್ನು ಅವರು ಗಮನಿಸಿದ್ದರು. ಮುರಿದ ತುದಿಯನ್ನು ಒದ್ದೆ ಮಾಡಿದಾಗ ಅದರಿಂದ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಎಲ್ಲಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ, ತಂತಿಯನ್ನು ಮುರಿಯದೆ ಕೆಲಕಾಲ ಹಾಗೆಯೇ ಬಿಟ್ಟರೆ ಅದರ ಹಳೆಯ ಗುಣ ಮರಳುತ್ತಿತ್ತು. ಬಿಸಿ ಮಾಡಿದರೆ ಇನ್ನೂ ಬೇಗ ಮರಳುತ್ತಿತ್ತು. ಆಮ್ಲ ಲೋಹವನ್ನು ತಿಂದುಹಾಕಿದ್ದೇ ಕಾರಣವಾಗಿದ್ದರೆ ಹೀಗೆ ಗುಣವಾಗುವಂತಿಲ್ಲ. ಏನೋ ಒಳಗೆ ಹೋಗಿ, ಮತ್ತೆ ಹೊರಗೆ ಬರುತ್ತಿದೆ. ಅದು ಜಲಜನಕವೇ ಎಂದು ಜಾನ್ಸನ್ ಸರಿಯಾಗಿಯೇ ಊಹಿಸಿದ್ದರು. ಸ್ಟೇನ್‌ಲೆಸ್ ಸ್ಟೀಲ್ ಬಳಕೆಗೆ ಬರಲು ಆಗ ಇನ್ನೂ ಸುಮಾರು ನಾಲ್ಕು ದಶಕ ಬಾಕಿಯಿತ್ತು. ಷೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ತಮ್ಮ ಹೆಸರಾಂತ ಮಿಶ್ರಲೋಹವನ್ನು ಕರಗಿಸಿದ್ದು 1913ರಲ್ಲಿ.

ಜಲಜನಕದ ಪರಮಾಣು ಅತ್ಯಂತ ಚಿಕ್ಕ ಪರಮಾಣುಗಳಲ್ಲೊಂದು. ಅನಿಲರೂಪದಲ್ಲಿರುವಾಗ ಅದರ ಎರಡೆರಡು ಪರಮಾಣುಗಳು ಕೂಡಿಕೊಂಡು ಅಣುವಾಗಿರುತ್ತವೆ. ಆ ಜೋಡಿ ಉಕ್ಕಿನೊಳಗೆ ಹೊಗಲಾರದು. ಲೋಹದ ಮೇಲ್ಮೈಯಲ್ಲಿ ಜೋಡಿ ಒಡೆದು ಒಂಟಿ ಪರಮಾಣುಗಳಾದಾಗ ಮಾತ್ರ ಅವು ಕಬ್ಬಿಣದ ಪರಮಾಣುಗಳ ಸಂದುಗಳಲ್ಲಿ ನುಸುಳುತ್ತವೆ. ಆಮ್ಲದಲ್ಲಿ ತೊಳೆಯುವಾಗ, ವಿದ್ಯುತ್ ಲೇಪನ ಮಾಡುವಾಗ, ತೇವವಿರುವ ಎಲೆಕ್ಟ್ರೋಡಿನಿಂದ ವೆಲ್ಡಿಂಗ್ ಮಾಡುವಾಗ, ತುಕ್ಕು ಹಿಡಿಯುವಾಗ, ಅಧಿಕ ಒತ್ತಡದ ಜಲಜನಕಕ್ಕೆ ಒಡ್ಡಿದಾಗ ಹೀಗೆ ಒಂಟಿ ಪರಮಾಣುಗಳು ಹುಟ್ಟುತ್ತವೆ. ಅಗತ್ಯವಿರುವ ಪ್ರಮಾಣವೂ ಅತ್ಯಲ್ಪ. ಗಡಸು ಉಕ್ಕಿನಲ್ಲಿ ಟನ್ನಿಗೆ ಕೆಲವೇ ಗ್ರಾಂ ಜಲಜನಕವಿದ್ದರೂ ಸಾಕು, ಅನಾಹುತಕ್ಕೆ ಅದು ಹಾದಿ ಮಾಡಿಕೊಟ್ಟೀತು.

ಬದಲಾಗುವ ಗುಣ ಯಾವುದು?

ಜಲಜನಕ ಹೊಕ್ಕ ಉಕ್ಕು ‘ಶಕ್ತಿ ಕಳೆದುಕೊಳ್ಳುತ್ತದೆ’ ಎಂದು ಸಾಮಾನ್ಯವಾಗಿ ಹೇಳುವುದುಂಟು. ಈ ಮಾತು ಪೂರ್ತಿ ನಿಜವಲ್ಲ. ಪಾಕ ಹದವಾಗಿರುವಾಗ ಬೆಲ್ಲವನ್ನು ಎರಡು ಕೈಗಳಿಂದ ಎಳೆದರೆ ಅದು ನಡುವೆ ತೆಳ್ಳಗಾಗುತ್ತಾ ಹೋಗಿ ಕೊನೆಗೆ ಎಳೆಯಾಗಿ ಹರಿಯುತ್ತದೆ. ಅದೇ ಬೆಲ್ಲ ಚಿಕ್ಕಿಯಾದ ಮೇಲೆ ಎಳೆದರೆ ಕಿಂಚಿತ್ತೂ ತೆಳ್ಳಗಾಗದೆ ಟಪ್ಪನೆ ಮುರಿಯುತ್ತದೆ. ಉಕ್ಕಿನ ಪರೀಕ್ಷೆಯಲ್ಲಿಯೂ ನೋಡುವುದು ಇದನ್ನೇ. ಒಳ್ಳೆಯ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕಡ್ಡಿಯನ್ನು ಎಳೆದಾಗ ಅದು ಬಹಳಷ್ಟು ಉದ್ದವಾಗುತ್ತದೆ. ಮುರಿಯುವ ಜಾಗದಲ್ಲಿ ಸೊಂಟ ಕಟ್ಟಿದಂತೆ ಕಿರಿದಾಗುತ್ತದೆ. ಈ ಕಿರಿದಾಗುವಿಕೆಯ ಪ್ರಮಾಣವೇ ತನ್ಯತೆಯ ಒಳ್ಳೆಯ ಅಳತೆಗೋಲು. ಜಲಜನಕ ತುಂಬಿದ ಕಡ್ಡಿಯಲ್ಲಿ ಈ ಪ್ರಮಾಣ ಅರ್ಧಕ್ಕಿಂತಲೂ ಕೆಳಗೆ ಇಳಿಯುವುದುಂಟು. ಆದರೆ ಕಡ್ಡಿ ಬಾಗಲು ಆರಂಭಿಸುವ ಒತ್ತಡದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ. ಕೆಲವೊಮ್ಮೆ ತುಸು ಹೆಚ್ಚಾಗುವುದೂ ಇದೆ.

ಎಂಜಿನಿಯರುಗಳನ್ನು ಮೋಸಗೊಳಿಸುವುದು ಈ ಅಂಶವೇ. ಕಾಗದದ ಮೇಲಿನ ‘ಬಲ’ ಹಾಗೆಯೇ ಇರುತ್ತದೆ. ಕಳೆದುಹೋಗುವುದು ಎಚ್ಚರಿಕೆ. ಜಲಜನಕವಿಲ್ಲದ ಉಕ್ಕು ಮುರಿಯುವ ಮುನ್ನ ಬಾಗುತ್ತದೆ, ಊದುತ್ತದೆ, ತೆಳ್ಳಗಾಗುತ್ತದೆ. ಜಲಜನಕ ಹೊಕ್ಕಿದ್ದರೆ ಈ ಮುನ್ಸೂಚನೆ ಕ್ಷೀಣಿಸುತ್ತದೆ. ಜೊತೆಗೆ, ಒಂದು ಸಣ್ಣ ಬಿರುಕು ಇದ್ದಲ್ಲಿ ಅದು ಬೆಳೆಯುವ ವೇಗ ಪ್ರತಿ ಒತ್ತಡದ ಏರಿಳಿತದಲ್ಲೂ ಹಲವು ಪಟ್ಟು ಹೆಚ್ಚುತ್ತದೆ. ದಿನಕ್ಕೆ ಹತ್ತಾರು ಬಾರಿ ತುಂಬಿ ಬರಿದಾಗುವ ಅನಿಲ ಕೇಂದ್ರದ ಟ್ಯಾಂಕಿಗೆ ಇದು ನಿರ್ಣಾಯಕ.

ಇದೆಲ್ಲ ಏಕೆ ಆಗುತ್ತದೆ ಎಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಪೂರ್ಣ ಒಮ್ಮತ ಇಂದಿಗೂ ಇಲ್ಲ. ಜಲಜನಕವು ಕಬ್ಬಿಣದ ಪರಮಾಣುಗಳ ನಡುವಣ ಬಂಧವನ್ನೇ ಸಡಿಲಗೊಳಿಸುತ್ತದೆ ಎಂಬುದು ಒಂದು ವಾದ. ಸ್ಫಟಿಕದೊಳಗಿನ ದೋಷರೇಖೆಗಳು ಜಾರಲು ಜಲಜನಕ ಎಣ್ಣೆ ಸವರಿದಂತೆ ನೆರವಾಗುತ್ತದೆ, ಹಾಗಾಗಿ ವಿರೂಪವೆಲ್ಲ ಒಂದೇ ಕಿರುಜಾಗದಲ್ಲಿ ಕೇಂದ್ರೀಕೃತವಾಗಿ ಅಲ್ಲಿಯೇ ಹರಿಯುತ್ತದೆ ಎಂಬುದು ಇನ್ನೊಂದು. ಎರಡನೆಯ ವಾದಕ್ಕೆ 1972ರಲ್ಲಿ ಬೀಚಮ್ ಎಂಬ ವಿಜ್ಞಾನಿಯ ಅಧ್ಯಯನ ತಳಹದಿ ಒದಗಿಸಿತು. ಭಿದುರತೆ ಎಂದು ಕರೆಯುವ ರೋಗದ ಮೂಲದಲ್ಲಿ ಲೋಹ ಸ್ಥಳೀಯವಾಗಿ ಮೆದುವಾಗುವುದೇ ಕಾರಣವಿರಬಹುದೆಂಬ ಈ ವಿಚಾರ ಮೊದಲು ವಿಚಿತ್ರವೆನಿಸಿದ್ದರೆ ಆಶ್ಚರ್ಯವಿಲ್ಲ. ಎರಡೂ ಕ್ರಿಯೆಗಳು ಒಟ್ಟಿಗೆ ನಡೆಯುತ್ತವೆ ಎನ್ನುವವರೇ ಈಗ ಹೆಚ್ಚು.

ಅಯಸ್ಕಾಂತ ಹೇಳುವ ಕಥೆ

ಪಾತ್ರೆ ಅಂಗಡಿಗಳಲ್ಲಿ ಸ್ಟೀಲ್ ‘ಅಸಲಿ’ಯೇ ಎಂದು ನೋಡಲು ಕೆಲವರು ಅಯಸ್ಕಾಂತ ಹಿಡಿಯುತ್ತಾರೆ. ಅಂಟಿಕೊಳ್ಳದಿದ್ದರೆ ಒಳ್ಳೆಯದು, ಅಂಟಿಕೊಂಡರೆ ಕಳಪೆ ಎಂಬುದು ಲೆಕ್ಕ. ಈ ಪರೀಕ್ಷೆ ಅಷ್ಟೇನೂ ನಂಬಲರ್ಹವಲ್ಲ. ಆದರೆ ಜಲಜನಕದ ವಿಷಯದಲ್ಲಿ ಅದು ಅಚ್ಚರಿಯೆನಿಸುವಷ್ಟು ಮಾಹಿತಿಯನ್ನು ಕೊಡುತ್ತದೆ.

ಸ್ಟೇನ್‌ಲೆಸ್ ಸ್ಟೀಲ್ ಎನಿಸಿಕೊಳ್ಳಲು ಉಕ್ಕಿನಲ್ಲಿ ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಇರಬೇಕು. ಕ್ರೋಮಿಯಂ ಗಾಳಿಯೊಡನೆ ಸೇರಿ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ತೆಳುಪೊರೆಯನ್ನು ಕಟ್ಟುತ್ತದೆ; ತುಕ್ಕನ್ನು ತಡೆಯುವುದು ಅದೇ. ಕ್ರೋಮಿಯಂ ಜೊತೆಗೆ ಸಾಕಷ್ಟು ನಿಕ್ಕೆಲ್ ಸೇರಿಸಿದರೆ ಪರಮಾಣುಗಳ ಜೋಡಣೆಯೇ ಬದಲಾಗುತ್ತದೆ. ಹೀಗೆ ಬದಲಾದ, ಹೆಚ್ಚು ಒತ್ತಾಗಿ ಜೋಡಣೆಗೊಂಡ ರೂಪಕ್ಕೆ ಆಸ್ಟೆನೈಟ್ ಎಂದು ಹೆಸರು. ಅದಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಶೇ 18 ಕ್ರೋಮಿಯಂ, ಶೇ 8 ನಿಕ್ಕೆಲ್ ಇರುವ 304 ದರ್ಜೆ ಈ ಕುಟುಂಬದ ಅತ್ಯಂತ ಜನಪ್ರಿಯ ಸದಸ್ಯ. ನಿಕ್ಕೆಲ್ ಇಲ್ಲದ ಅಗ್ಗದ ಫೆರಿಟಿಕ್ ಉಕ್ಕು, ಚಾಕು ಮತ್ತು ಶಸ್ತ್ರಚಿಕಿತ್ಸೆಯ ಉಪಕರಣಗಳಿಗೆ ಬಳಸುವ ಗಡಸು ಮಾರ್ಟೆನ್ಸಿಟಿಕ್ ಉಕ್ಕು ಇವೆರಡಕ್ಕೂ ಅಯಸ್ಕಾಂತ ಗಟ್ಟಿಯಾಗಿ ಅಂಟುತ್ತದೆ. ಆಸ್ಟೆನೈಟ್, ಮಾರ್ಟೆನ್ಸೈಟ್ ಎಂಬ ಹೆಸರುಗಳು ಬಂದದ್ದು ರಾಬರ್ಟ್ಸ್-ಆಸ್ಟೆನ್ ಮತ್ತು ಮಾರ್ಟೆನ್ಸ್ ಎಂಬ ಇಬ್ಬರು ಲೋಹಶಾಸ್ತ್ರಜ್ಞರಿಂದ.

ಜಲಜನಕದ ದೃಷ್ಟಿಯಿಂದ ಈ ಎರಡು ಜೋಡಣೆಗಳ ನಡುವಿನ ಅಂತರ ಅಗಾಧ. ಶುದ್ಧ ಕಬ್ಬಿಣದಲ್ಲಿ ಕೋಣೆಯ ಉಷ್ಣತೆಯಲ್ಲಿಯೇ ಜಲಜನಕದ ಪರಮಾಣು ಒಂದು ಮಿಲಿಮೀಟರ್ ದಪ್ಪವನ್ನು ಕೆಲವೇ ನಿಮಿಷಗಳಲ್ಲಿ ದಾಟಬಲ್ಲದು. ಅದೇ ಒಂದು ಮಿಲಿಮೀಟರ್ ಆಸ್ಟೆನೈಟನ್ನು ದಾಟಲು ಅದಕ್ಕೆ, ಅಂದಾಜು ಲೆಕ್ಕದಲ್ಲಿ, ನೂರು ವರ್ಷ ಹಿಡಿಯುತ್ತದೆ! ಆಸ್ಟೆನೈಟಿನಲ್ಲಿ ಜಲಜನಕ ತಂಗಲು ಕೊಠಡಿಗಳು ವಿಶಾಲವಾಗಿವೆ. ಆದರೆ ಒಂದು ಕೊಠಡಿಯಿಂದ ಇನ್ನೊಂದಕ್ಕೆ ಹೋಗುವ ಬಾಗಿಲು ಬಹಳ ಇಕ್ಕಟ್ಟು. ಆದ್ದರಿಂದ ಅದು ಹೆಚ್ಚು ಜಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ, ಆದರೆ ಅತ್ತಿತ್ತ ಓಡಾಡಲು ಬಿಡುವುದಿಲ್ಲ. ಬಿರುಕಿನ ತುದಿಗೆ ಜಲಜನಕ ಬಂದು ಜಮಾಯಿಸಿದರೆ ತಾನೆ ಅಪಾಯ? ಬರುವ ದಾರಿಯೇ ನಿಧಾನವಾದರೆ ಲೋಹ ಬಚಾವು. ಅಧಿಕ ಒತ್ತಡದ ಜಲಜನಕಕ್ಕೆ ಪ್ರಪಂಚದಾದ್ಯಂತ ಆಸ್ಟೆನಿಟಿಕ್ ಸ್ಟೇನ್‌ಲೆಸ್ ಸ್ಟೀಲನ್ನೇ ಆರಿಸಿಕೊಳ್ಳುವುದಕ್ಕೆ ಇದು ಮುಖ್ಯ ಕಾರಣ. ಗಡಸುಗೊಳಿಸಿದ ಮಾರ್ಟೆನ್ಸಿಟಿಕ್ ಬಗೆಗಳು ಇದಕ್ಕೆ ವಿರುದ್ಧ ತುದಿಯಲ್ಲಿವೆ. ಪಂಪಿನ ದಂಡ, ಕವಾಟದ ಭಾಗಗಳಿಗೆ ಬಳಸುವ 17-4 ಪಿಎಚ್ ಎಂಬ ಉಕ್ಕು ಅತ್ಯಂತ ಗಡಸಾಗಿರುವ ಸ್ಥಿತಿಯಲ್ಲಿ ಜಲಜನಕಕ್ಕೆ ಸುಲಭದ ತುತ್ತು.

ಆದರೆ 304ರ ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಅಡುಗೆಮನೆಯ ಸ್ಟೀಲ್ ಸಿಂಕಿನ ಸಮತಟ್ಟಾದ ಅಂಚಿಗೆ ಅಯಸ್ಕಾಂತ ಹಿಡಿದರೆ ಅದು ಜಾರಿಬೀಳಬಹುದು. ಅದೇ ಸಿಂಕಿನ ಒಳಮೂಲೆಗೆ ಹಿಡಿದರೆ ಮೆಲ್ಲಗೆ ಎಳೆದಂತಾಗುವುದು ಕೈಗೆ ತಿಳಿಯುತ್ತದೆ. ಒಂದೇ ತಗಡು, ಒಂದೇ ರಾಸಾಯನಿಕ ಸಂಯೋಜನೆ. ಹಾಗಿದ್ದರೆ ಅಯಸ್ಕಾಂತಕ್ಕೆ ಎರಡು ಬಗೆಯ ಉತ್ತರವೇಕೆ? ತಗಡನ್ನು ಅಚ್ಚಿನಲ್ಲಿ ಒತ್ತಿ ಸಿಂಕು ಮಾಡುವಾಗ ಮೂಲೆಗಳಲ್ಲಿ ಲೋಹ ತೀವ್ರವಾಗಿ ಎಳೆಯಲ್ಪಡುತ್ತದೆ. 304ರಲ್ಲಿರುವ ನಿಕ್ಕೆಲ್ ಆಸ್ಟೆನೈಟನ್ನು ಕಷ್ಟಪಟ್ಟು ಹಿಡಿದಿಟ್ಟುಕೊಂಡಿರುತ್ತದೆಯಷ್ಟೆ. ಎಳೆತ ಜೋರಾದಾಗ ಅದರ ಒಂದು ಭಾಗ ಮಾರ್ಟೆನ್ಸೈಟ್ ಆಗಿ ಪರಿವರ್ತನೆ ಹೊಂದುತ್ತದೆ. ಅಯಸ್ಕಾಂತ ಗುರುತಿಸುವುದು ಅದನ್ನೇ.

ಸಿಂಕಿಗೆ ಇದರಿಂದ ಏನೂ ಕೇಡಿಲ್ಲ. ಜಲಜನಕದ ಕೊಳವೆಗೆ ಕೇಡಿದೆ. ಆಸ್ಟೆನೈಟಿನ ಇಕ್ಕಟ್ಟಾದ ಬಾಗಿಲುಗಳ ನಡುವೆ ಮಾರ್ಟೆನ್ಸೈಟಿನ ಪಟ್ಟಿಗಳು ಹೆದ್ದಾರಿಗಳಂತೆ ತೆರೆದುಕೊಳ್ಳುತ್ತವೆ. ಅವುಗಳ ಮೂಲಕ ಜಲಜನಕ ವೇಗವಾಗಿ ಒಳನುಗ್ಗುತ್ತದೆ. ಇನ್ನೂ ಒಂದು ತೊಡಕಿದೆ. ಆಸ್ಟೆನೈಟ್ ಈಗಾಗಲೇ ತನ್ನೊಳಗೆ ಬಹಳಷ್ಟು ಜಲಜನಕ ತುಂಬಿಕೊಂಡಿದ್ದರೆ, ಅದರಿಂದ ಹುಟ್ಟುವ ಮಾರ್ಟೆನ್ಸೈಟಿಗೆ ಆ ಇಡೀ ಹೊರೆ ಪಿತ್ರಾರ್ಜಿತವಾಗಿ ಬರುತ್ತದೆ. ಅಷ್ಟನ್ನು ಇಟ್ಟುಕೊಳ್ಳಲು ಅದರಲ್ಲಿ ಜಾಗವಿಲ್ಲ. ಹೆಚ್ಚುವರಿ ಜಲಜನಕ ಅಕ್ಕಪಕ್ಕದ ಗಡಿಗಳಿಗೆ ಹೊರಳುತ್ತದೆ, ಬಿರುಕು ಅಲ್ಲಿಂದ ಶುರುವಾಗುತ್ತದೆ. ಮಾರ್ಟೆನ್ಸೈಟ್ ಉಂಟಾಗದ ಸ್ಥಿರ ಆಸ್ಟೆನೈಟಿಗೂ ಜಲಜನಕದಿಂದ ಒಂದಷ್ಟು ಹಾನಿಯಾಗುತ್ತದೆಯಾದರೂ ಅದರ ಪ್ರಮಾಣ ಬಹಳ ಕಡಿಮೆ.

ಚಳಿ ಮತ್ತು ನಿಕ್ಕೆಲ್

ಉಷ್ಣತೆ ಇಲ್ಲಿ ವಹಿಸುವ ಪಾತ್ರ ಕುತೂಹಲಕರ. ಉಷ್ಣತೆ ಇಳಿದಷ್ಟೂ 304ರಲ್ಲಿ ಮಾರ್ಟೆನ್ಸೈಟ್ ಸುಲಭವಾಗಿ ಹುಟ್ಟುತ್ತದೆ. ಆದರೆ ಉಷ್ಣತೆ ಇಳಿದಷ್ಟೂ ಜಲಜನಕದ ಓಡಾಟ ಮಂದವಾಗುತ್ತದೆ. ಒಂದು ಅಪಾಯವನ್ನು ಹೆಚ್ಚಿಸುತ್ತದೆ, ಇನ್ನೊಂದು ತಗ್ಗಿಸುತ್ತದೆ. ಈ ಹಗ್ಗಜಗ್ಗಾಟದಿಂದಾಗಿ ಹಾನಿ ಗರಿಷ್ಠವಾಗುವುದು ಶೂನ್ಯಕ್ಕಿಂತ ಸುಮಾರು 50ರಿಂದ 70 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅದಕ್ಕಿಂತ ಬಹಳ ಕೆಳಗಿಳಿದರೆ ಹಾನಿ ಮತ್ತೆ ಕಡಿಮೆಯಾಗುತ್ತದೆ.

ಇದು ಬರಿಯ ಪಠ್ಯಪುಸ್ತಕದ ಸಂಗತಿಯಾಗಿದ್ದರೆ ಇಲ್ಲಿ ಹೇಳುವ ಅಗತ್ಯವಿರಲಿಲ್ಲ. ಜಲಜನಕದಿಂದ ಓಡುವ ಕಾರುಗಳ ಟ್ಯಾಂಕಿಗೆ 700 ಬಾರ್ ಒತ್ತಡದಲ್ಲಿ ಅನಿಲ ತುಂಬಲಾಗುತ್ತದೆ. ವೇಗವಾಗಿ ತುಂಬುವಾಗ ಟ್ಯಾಂಕು ಕಾವೇರುವುದರಿಂದ ಅನಿಲವನ್ನು ಮೊದಲೇ ಶೂನ್ಯಕ್ಕಿಂತ 40 ಡಿಗ್ರಿಯವರೆಗೆ ಕೆಳಗೆ ತಣಿಸಿರಬೇಕು. ಅಂದರೆ, ತುಂಬುವ ಯಂತ್ರದ ಕೊಳವೆ ಮತ್ತು ಕವಾಟಗಳು ದಿನವಿಡೀ ಕೆಲಸ ಮಾಡುವುದು ಉಕ್ಕಿಗೆ ಅತ್ಯಂತ ಅಹಿತಕರವಾದ ಉಷ್ಣತೆಯ ಆಸುಪಾಸಿನಲ್ಲಿಯೇ! ಟ್ಯಾಂಕಿನ ಚಿಂತೆ ಅಷ್ಟಿಲ್ಲ. ಕಾರುಗಳ ಆಧುನಿಕ ಟ್ಯಾಂಕುಗಳಲ್ಲಿ ಒಳಪದರ ಪ್ಲಾಸ್ಟಿಕ್, ಹೊರಗೆ ಇಂಗಾಲದ ನಾರು. ಚಿಂತೆಯಿರುವುದು ಅದಕ್ಕೆ ಜೋಡಿಸುವ ಲೋಹದ ಬಿಡಿಭಾಗಗಳದ್ದು.

ಪರಿಹಾರ ಗೊತ್ತಿಲ್ಲದ್ದೇನಲ್ಲ: ನಿಕ್ಕೆಲ್ ಹೆಚ್ಚಿಸಬೇಕು. ನಿಕ್ಕೆಲ್ ಹೆಚ್ಚಾದಂತೆ ಆಸ್ಟೆನೈಟ್ ಸ್ಥಿರವಾಗುತ್ತದೆ, ಎಳೆದರೂ ಮಾರ್ಟೆನ್ಸೈಟ್ ಆಗಿ ಮಾರ್ಪಡುವುದಿಲ್ಲ. ಆದ್ದರಿಂದಲೇ ಜಲಜನಕದ ಕೆಲಸಕ್ಕೆ 304ರ ಬದಲು, ನಿಕ್ಕೆಲ್ ಮತ್ತು ಮಾಲಿಬ್ಡಿನಂ ಹೆಚ್ಚಿರುವ 316 ದರ್ಜೆಯನ್ನು ಶಿಫಾರಸು ಮಾಡುವುದು. ಆದರೆ ದರ್ಜೆಯ ಹೆಸರು ಹೇಳಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. 316ರ ವ್ಯಾಖ್ಯೆಯಲ್ಲಿ ನಿಕ್ಕೆಲ್ ಶೇ 10ರಿಂದ 14ರವರೆಗೆ ಎಷ್ಟಾದರೂ ಇರಬಹುದು. ನಿಕ್ಕೆಲ್ ದುಬಾರಿ ಲೋಹವಾದ್ದರಿಂದ ತಯಾರಕರು ಸಹಜವಾಗಿಯೇ ಕೆಳಗಿನ ಅಂಚಿಗೆ ಅಂಟಿಕೊಳ್ಳುತ್ತಾರೆ. ಅದು ಮೋಸವಲ್ಲ, ನಿಯಮದೊಳಗಿನ ಲೆಕ್ಕಾಚಾರ. ಶೇ 10 ನಿಕ್ಕೆಲ್ ಇರುವ 316 ನೀರಿಗೆ, ಹಾಲಿಗೆ, ಔಷಧ ಕಾರ್ಖಾನೆಗೆ ಸಾಕು. ಚಳಿಯ, ಅಧಿಕ ಒತ್ತಡದ ಜಲಜನಕಕ್ಕೆ ಮಾತ್ರ ಶೇ 12ಕ್ಕಿಂತ ಹೆಚ್ಚಿರಲಿ ಎಂದು ಬಲ್ಲವರು ಪಟ್ಟುಹಿಡಿಯುತ್ತಾರೆ. ಜಪಾನಿನಲ್ಲಿ ಈ ವಿಚಾರವನ್ನು ಇನ್ನಷ್ಟು ಬಿಗಿಗೊಳಿಸಿ, ನಿಕ್ಕೆಲ್ ಜೊತೆಗೆ ಅದರಂತೆಯೇ ವರ್ತಿಸುವ ಇತರ ಧಾತುಗಳನ್ನೂ ಲೆಕ್ಕ ಹಾಕಿ ‘ನಿಕ್ಕೆಲ್ ಸಮಾನಾಂಕ’ ಎಂಬ ಸಂಖ್ಯೆಯನ್ನು ಪಡೆಯುತ್ತಾರೆ. ಶೂನ್ಯಕ್ಕಿಂತ 45 ಡಿಗ್ರಿ ಕೆಳಗಿನವರೆಗೆ ಬಳಸಬೇಕಾದ ಉಕ್ಕಿನಲ್ಲಿ ಈ ಸಂಖ್ಯೆ 28.5ಕ್ಕಿಂತ ಕಡಿಮೆಯಿರುವಂತಿಲ್ಲ.

ಶೇ 10 ಮತ್ತು ಶೇ 12ರ ನಡುವಿನ ವ್ಯತ್ಯಾಸವೆಂದರೆ ಒಂದು ಟನ್ ಉಕ್ಕಿಗೆ 20 ಕಿಲೋ ನಿಕ್ಕೆಲ್. ಕೇಳಲು ಸಣ್ಣದು. ಆದರೆ ನಿಕ್ಕೆಲ್ ಮಾರುಕಟ್ಟೆ ಎಷ್ಟು ಚಂಚಲವೆಂದರೆ, 2022ರ ಮಾರ್ಚ್ 8ರಂದು ಲಂಡನ್ ಲೋಹ ವಿನಿಮಯ ಕೇಂದ್ರದಲ್ಲಿ ಟನ್ನಿನ ಬೆಲೆ ಕೆಲಹೊತ್ತು ಒಂದು ಲಕ್ಷ ಡಾಲರನ್ನೂ ದಾಟಿತ್ತು. ಕೊನೆಗೆ ವಹಿವಾಟನ್ನೇ ಸ್ಥಗಿತಗೊಳಿಸಬೇಕಾಯಿತು. ಇಂಥ ಲೋಹವನ್ನು ಬೇಕಾದಷ್ಟು ಸುರಿಯಿರಿ ಎಂದು ಹೇಳುವುದು ಸುಲಭ, ಟೆಂಡರಿನಲ್ಲಿ ಕನಿಷ್ಠ ದರ ಕೇಳುವವರ ಮುಂದೆ ಅದನ್ನು ಸಮರ್ಥಿಸುವುದು ಕಷ್ಟ.

ತಾನಾಗಿ ಸೀಳುವ ಲೋಟ

ನಿಕ್ಕೆಲ್ ಉಳಿಸುವ ಹಂಬಲದ ಇನ್ನೊಂದು ಫಲ ಭಾರತದ ಮನೆಮನೆಗಳಲ್ಲಿದೆ. ಪಾತ್ರೆ, ಪೀಠೋಪಕರಣ, ಮೆಟ್ಟಿಲ ಕಂಬಿಗಳಿಗೆ ಇಲ್ಲಿ ವ್ಯಾಪಕವಾಗಿ ಬಳಸುವ 200 ಸರಣಿಯ ಉಕ್ಕಿನಲ್ಲಿ ನಿಕ್ಕೆಲಿನ ಬಹುಭಾಗವನ್ನು ತೆಗೆದು ಮ್ಯಾಂಗನೀಸ್ ಹಾಕಿರುತ್ತಾರೆ. ಇದೂ ಆಸ್ಟೆನೈಟೇ, ಅಯಸ್ಕಾಂತ ಇದಕ್ಕೂ ಅಂಟುವುದಿಲ್ಲ. ಅಂಗಡಿಯ ಅಯಸ್ಕಾಂತ ಪರೀಕ್ಷೆ ಸೋಲುವುದು ಇಲ್ಲಿಯೇ.

ನಿಕ್ಕೆಲ್ ಕಡಿಮೆಯಿರುವ ಇಂಥ ಉಕ್ಕಿನ ಬಿಲ್ಲೆಯನ್ನು ಒತ್ತಿ ಆಳವಾದ ಲೋಟ ಅಥವಾ ಡಬ್ಬಿ ಮಾಡಿದಾಗ ವಿಲಕ್ಷಣ ಘಟನೆಯೊಂದು ನಡೆಯುವುದುಂಟು. ಅಚ್ಚಿನಿಂದ ಹೊರಬಂದಾಗ ಲೋಟ ಅಚ್ಚುಕಟ್ಟಾಗಿಯೇ ಇರುತ್ತದೆ. ಕೆಲವು ಗಂಟೆಗಳ ಅಥವಾ ದಿನಗಳ ನಂತರ, ಯಾರೂ ಮುಟ್ಟದಿದ್ದರೂ, ಬಾಯಂಚಿನಿಂದ ಕೆಳಕ್ಕೆ ನೇರವಾಗಿ ಸೀಳು ಬಿಡುತ್ತದೆ. ಕೈಗಾರಿಕೆಯಲ್ಲಿ ಇದನ್ನು ವಿಳಂಬಿತ ಬಿರುಕು ಎನ್ನುತ್ತಾರೆ. ಫಿನ್ಲೆಂಡ್ ಮುಂತಾದೆಡೆ ಈ ಬಗ್ಗೆ ವಿಸ್ತೃತ ಸಂಶೋಧನೆ ನಡೆದಿದ್ದು, ಮೂರು ಸಂಗತಿಗಳು ಒಟ್ಟಿಗಿದ್ದಾಗ ಮಾತ್ರ ಹೀಗಾಗುತ್ತದೆ ಎಂಬುದು ಸ್ಪಷ್ಟವಾಗಿದೆ: ಒತ್ತುವಾಗ ಹುಟ್ಟಿದ ಮಾರ್ಟೆನ್ಸೈಟ್, ಗೋಡೆಯಲ್ಲಿ ಉಳಿದುಕೊಂಡ ಎಳೆತ, ಮತ್ತು ಉಕ್ಕಿನೊಳಗೆ ತಯಾರಿಕೆಯ ಕಾಲದಿಂದಲೇ ಇದ್ದ ಜಲಜನಕ. ಹೊರಗಿನಿಂದ ಜಲಜನಕ ಬರಬೇಕಾದ ಅಗತ್ಯವೇ ಇಲ್ಲ. ಉಕ್ಕು ಕರಗಿಸುವಾಗ ಸೇರಿಕೊಂಡ, ಟನ್ನಿಗೆ ಎರಡು ಮೂರು ಗ್ರಾಮಿನಷ್ಟು ಜಲಜನಕವೇ ಸಾಕು. ತಗಡಿಗೆ ಕನ್ನಡಿಯಂಥ ಹೊಳಪು ಉಳಿಯಲೆಂದು ಅದನ್ನು ಕಾಯಿಸುವ ಕುಲುಮೆಯಲ್ಲಿ ಜಲಜನಕವನ್ನೇ ತುಂಬುವ ಕ್ರಮವೂ ಇದೆ. ಗ್ರಾಹಕ ಮೆಚ್ಚುವ ಹೊಳಪಿನ ಜೊತೆಗೇ ಬಿರುಕಿನ ಬೀಜವೂ ಬಂದುಬಿಡಬಹುದೆಂಬುದು ವಿಪರ್ಯಾಸ.

ಪಾತ್ರೆ ಒತ್ತಿದ ಕೂಡಲೇ ಮತ್ತೊಮ್ಮೆ ಕಾಯಿಸಿದರೆ ಮಾರ್ಟೆನ್ಸೈಟ್ ಕರಗಿ ಆಸ್ಟೆನೈಟ್ ಆಗುತ್ತದೆ, ಉಳಿದ ಎಳೆತವೂ ಸಡಿಲವಾಗುತ್ತದೆ, ಸಮಸ್ಯೆ ಇಲ್ಲವಾಗುತ್ತದೆ. ಖರ್ಚು ಹೆಚ್ಚಾಗುತ್ತದೆ ಎಂಬುದಷ್ಟೇ ತಕರಾರು. ಇಷ್ಟಕ್ಕೂ ಸೀಳಿದ ಲೋಟದಿಂದ ಆಗುವ ನಷ್ಟ ಒಂದು ಲೋಟದ್ದು. ಇದೇ ತತ್ವ ಒತ್ತಡದ ಸಿಲಿಂಡರಿಗೆ ಅನ್ವಯಿಸಿದರೆ ಮಾತು ಬೇರೆ.

ಸಮುದ್ರದಡಿಯಲ್ಲಿ ಸಮಸ್ಯೆ ಇನ್ನೊಂದು ವೇಷ ತೊಡುತ್ತದೆ. ತೈಲ ಉದ್ಯಮದಲ್ಲಿ ಬಳಸುವ ಡ್ಯೂಪ್ಲೆಕ್ಸ್ ಎಂಬ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಫೆರೈಟ್ ಮತ್ತು ಆಸ್ಟೆನೈಟ್ ಸರಿಸುಮಾರು ಸಮಪಾಲಿನಲ್ಲಿರುತ್ತವೆ. ಪಕ್ಕದ ಸಾಮಾನ್ಯ ಉಕ್ಕನ್ನು ತುಕ್ಕಿನಿಂದ ಕಾಪಾಡಲು ಇಡೀ ರಚನೆಗೆ ವಿದ್ಯುತ್ ರಕ್ಷಣೆ ಕೊಡುತ್ತಾರೆ. ಆ ರಕ್ಷಣೆಯೇ ಸಮುದ್ರದ ನೀರಿನಿಂದ ಜಲಜನಕವನ್ನು ಬಿಡುಗಡೆ ಮಾಡಿ ಡ್ಯೂಪ್ಲೆಕ್ಸ್ ಉಕ್ಕಿನ ಫೆರೈಟ್ ಭಾಗಕ್ಕೆ ಉಣಿಸುತ್ತದೆ. ಇಂಥ ವೈಫಲ್ಯಗಳಿಂದ ಪಾಠ ಕಲಿತು ನಾರ್ವೆಯ ಡಿಎನ್‌ವಿ ಸಂಸ್ಥೆ 2008ರಲ್ಲಿ ಪ್ರತ್ಯೇಕ ವಿನ್ಯಾಸ ಮಾರ್ಗಸೂಚಿಯನ್ನು ಹೊರತಂದಿತು.

ಪರೀಕ್ಷೆಯ ಮಿತಿ, ಬಿಸಿಯ ಉಪಾಯ

ಜಲಜನಕದ ಪ್ರಭಾವವನ್ನು ಪರೀಕ್ಷಿಸಲು ತಾಳ್ಮೆ ಬೇಕು. ಮಾಮೂಲಿ ಎಳೆತದ ಪರೀಕ್ಷೆ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ಅಷ್ಟು ಅವಸರದಲ್ಲಿ ಎಳೆದರೆ ಬಿರುಕಿನ ತುದಿಗೆ ಬರಲು ಜಲಜನಕಕ್ಕೆ ಪುರಸತ್ತೇ ಸಿಗದೆ ಉಕ್ಕು ಆರೋಗ್ಯವಾಗಿರುವಂತೆ ತೋರುತ್ತದೆ. ಅದಕ್ಕಾಗಿಯೇ ಕಡ್ಡಿಯನ್ನು ಗಂಟೆಗಟ್ಟಲೆ, ಕೆಲವೊಮ್ಮೆ ದಿನವಿಡೀ, ಅತಿ ನಿಧಾನವಾಗಿ ಎಳೆಯುವ ಪದ್ಧತಿ ಬಂದಿದೆ. ಆಸ್ಟೆನಿಟಿಕ್ ಉಕ್ಕಿಗೆ ಅದೂ ಸಾಲದು. ಜಲಜನಕ ಒಳಹೊಗಲು ಕೋಣೆಯ ಉಷ್ಣತೆಯಲ್ಲಿ ನೂರು ವರ್ಷ ಕಾಯುವಂತಿಲ್ಲವಲ್ಲ! 300 ಡಿಗ್ರಿಗೆ ಕಾಯಿಸಿದರೆ ಒಂದು ಮಿಲಿಮೀಟರ್ ದಾಟಲು ಸುಮಾರು ಒಂದು ದಿನ ಸಾಕು. ಆದ್ದರಿಂದ ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಕಡ್ಡಿಗಳನ್ನು ಈ ಉಷ್ಣತೆಯಲ್ಲಿ ಅತ್ಯಧಿಕ ಒತ್ತಡದ ಜಲಜನಕದೊಳಗೆ ದಿನಗಟ್ಟಲೆ ಇಟ್ಟು, ಬಳಿಕ ತಣಿಸಿ ಪರೀಕ್ಷಿಸುತ್ತಾರೆ. ಹತ್ತಾರು ವರ್ಷ ಬಳಸಿದ ಭಾಗ ಹೇಗಿರಬಹುದೆಂಬುದರ ಅಂದಾಜು ಹೀಗೆ ಸಿಗುತ್ತದೆ.

ಬಿಸಿ ಮಾಡಿ ಜಲಜನಕವನ್ನು ಹೊರಗಟ್ಟುವ ಉಪಾಯ ಜಾನ್ಸನ್ ಕಾಲದ್ದೇ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಗಡಸು ಬೋಲ್ಟುಗಳಿಗೆ ವಿದ್ಯುತ್ ಲೇಪನ ಮಾಡುವವರಿಗೆ ‘ಬೇಕಿಂಗ್’ ಎಂಬ ಪದ ಪರಿಚಿತ. ಲೇಪನದ ನಂತರ ವಿಳಂಬ ಮಾಡದೆ ಸುಮಾರು 200 ಡಿಗ್ರಿಯಲ್ಲಿ ಹಲವು ಗಂಟೆ ಇಟ್ಟರೆ ಜಲಜನಕ ಹೊರಟುಹೋಗುತ್ತದೆ. ಆಸ್ಟೆನೈಟಿನ ಮುಂದೆ ಈ ಉಪಾಯ ಮಂಕಾಗುತ್ತದೆ. ಒಳಬರಲು ನಿಧಾನ ಮಾಡಿದ ಇಕ್ಕಟ್ಟಾದ ಬಾಗಿಲೇ ಹೊರಹೋಗಲೂ ನಿಧಾನ ಮಾಡುತ್ತದೆ.

ದ್ರವ ಜಲಜನಕದ ವಿಷಯ ಇದಕ್ಕಿಂತ ಭಿನ್ನ. ಇಸ್ರೋ 2014ರ ಜನವರಿ 5ರಂದು ಜಿಎಸ್‌ಎಲ್‌ವಿ-ಡಿ5 ರಾಕೆಟ್ಟಿನಲ್ಲಿ ಯಶಸ್ವಿಯಾಗಿ ಬಳಸಿದ ಸ್ವದೇಶಿ ಕ್ರಯೋಜೆನಿಕ್ ಎಂಜಿನ್ನಿನ ಇಂಧನ ಅದೇ. ಶೂನ್ಯಕ್ಕಿಂತ 253 ಡಿಗ್ರಿ ಕೆಳಗೆ ಅದು ದ್ರವವಾಗಿರುತ್ತದೆ. ಅಂಥ ಶೈತ್ಯದಲ್ಲಿ ಲೋಹದೊಳಗೆ ಜಲಜನಕದ ಪರಮಾಣು ಅಲುಗಾಡುವುದೇ ಇಲ್ಲವೆನ್ನಬಹುದು. ಅಲ್ಲಿ ಆಸ್ಟೆನಿಟಿಕ್ ಉಕ್ಕನ್ನು ಆರಿಸುವುದು ಜಲಜನಕದ ಭಯದಿಂದಲ್ಲ; ಸಾಮಾನ್ಯ ಉಕ್ಕು ಆ ಚಳಿಗೇ ಗಾಜಿನಂತಾಗುತ್ತದೆ, ಆಸ್ಟೆನೈಟ್ ಆಗುವುದಿಲ್ಲ ಎಂಬ ಕಾರಣದಿಂದ. ಆದರೆ ದ್ರವ ಆವಿಯಾಗಿ ಹೊರಹೋಗುವ ಕೊಳವೆಗಳು ಕ್ರಮೇಣ ಬೆಚ್ಚಗಾಗುತ್ತಾ ಶೂನ್ಯಕ್ಕಿಂತ 60 ಡಿಗ್ರಿ ಕೆಳಗಿನ ಆ ಕೆಟ್ಟ ವಲಯವನ್ನು ಹಾದುಹೋಗಲೇಬೇಕು. ಅಲ್ಲಿ ಹಳೆಯ ಎಚ್ಚರಿಕೆಗಳೆಲ್ಲ ಮತ್ತೆ ಜಾರಿಗೆ ಬರುತ್ತವೆ.

ಜಲಜನಕದ ಪ್ರತಿ ದುರ್ಘಟನೆಯನ್ನೂ ಭಿದುರತೆಯ ತಲೆಗೆ ಕಟ್ಟುವುದೂ ಸರಿಯಲ್ಲ. ನಾರ್ವೆಯ ಓಸ್ಲೊ ಬಳಿ 2019ರ ಜೂನ್ 10ರಂದು ಜಲಜನಕ ತುಂಬುವ ಕೇಂದ್ರವೊಂದು ಸ್ಫೋಟಿಸಿದಾಗ ಅನೇಕರು ಉಕ್ಕನ್ನೇ ಶಂಕಿಸಿದ್ದರು. ಟ್ಯಾಂಕಿನ ಮುಚ್ಚಳವೊಂದರ ಬೋಲ್ಟುಗಳನ್ನು ಜೋಡಣೆಯ ವೇಳೆ ಸರಿಯಾಗಿ ಬಿಗಿದಿರಲಿಲ್ಲ ಎಂಬುದು ತನಿಖೆಯಿಂದ ತಿಳಿದುಬಂತು.

ಗುಜರಾತಿನ ಸೂರತ್ ಬಳಿಯ ಕವಾಸ್‌ನಲ್ಲಿ ಎನ್‌ಟಿಪಿಸಿ ಸಂಸ್ಥೆ 2023ರ ಜನವರಿಯಲ್ಲಿ ತನ್ನ ವಸತಿ ಬಡಾವಣೆಯ ಅಡುಗೆ ಅನಿಲದ ಜಾಲಕ್ಕೆ ಜಲಜನಕ ಬೆರೆಸಲು ಆರಂಭಿಸಿತು. ಆರಂಭದ ಪ್ರಮಾಣ ಶೇ 5. ಮನೆಗಳಿಗೆ ಅನಿಲ ಹರಿಯುವ ಒತ್ತಡ ತೀರಾ ಕಡಿಮೆಯಾದ್ದರಿಂದ ಅಲ್ಲಿ ಉಕ್ಕಿಗೆ ಹೆಚ್ಚಿನ ಆತಂಕವಿಲ್ಲ. ರಾಜ್ಯದಿಂದ ರಾಜ್ಯಕ್ಕೆ ಹಾಯುವ ಅಧಿಕ ಒತ್ತಡದ ಕೊಳವೆಗಳ ಮಾತು ಬೇರೆ. ಅವುಗಳನ್ನು ಸ್ಟೇನ್‌ಲೆಸ್ ಸ್ಟೀಲಿನಿಂದ ಮಾಡುವುದು ವೆಚ್ಚದ ದೃಷ್ಟಿಯಿಂದ ಅಸಾಧ್ಯ. ಅವು ಸಾಮಾನ್ಯ ಇಂಗಾಲದ ಉಕ್ಕಿನವು. ಅಲ್ಲಿ ಆರಿಸಿಕೊಳ್ಳುವುದು ಹೆಚ್ಚು ಬಲದ, ತೆಳು ಗೋಡೆಯ ಕೊಳವೆಯನ್ನಲ್ಲ. ಕಡಿಮೆ ಬಲದ, ದಪ್ಪ ಗೋಡೆಯ ಕೊಳವೆಯನ್ನು. ನೈಸರ್ಗಿಕ ಅನಿಲಕ್ಕೆ ದಶಕಗಳಿಂದ ‘ಬಲವಾದ ಉಕ್ಕು, ಕಡಿಮೆ ತೂಕ’ ಎಂದು ಲೆಕ್ಕ ಹಾಕಿಕೊಂಡು ಬಂದವರು ಜಲಜನಕದ ಕೊಳವೆ ಹಾಕುವಾಗ ಆ ಲೆಕ್ಕವನ್ನು ತಿರುವಿ ಹಾಕಬೇಕಾಗುತ್ತದೆ. ಕವಾಟ, ಅಳತೆಯ ಉಪಕರಣ, ಸಣ್ಣ ಕೊಳವೆಗಳಂಥ ಸ್ಟೇನ್‌ಲೆಸ್ ಭಾಗಗಳನ್ನು ಖರೀದಿಸುವಾಗ ‘316’ ಎಂದಷ್ಟೇ ಬರೆಯದೆ ನಿಕ್ಕೆಲಿನ ಕನಿಷ್ಠ ಪ್ರಮಾಣವನ್ನೂ ನಮೂದಿಸಿ, ಕರಗಿಸಿದ ತಂಡದ ಪ್ರಮಾಣಪತ್ರದಲ್ಲಿ ಆ ಅಂಕಿಯನ್ನು ಓದಿ ನೋಡುವುದು ಅವರ ಕೆಲಸಕ್ಕೆ ಹೊಸದಾಗಿ ಸೇರಿಕೊಂಡಿರುವ ಸಾಲು.